ಮೀನಿಗೆ ಕಾಣದ ಕೆಂಪು

ಬೆಳಗಿನ ಐದೂವರೆ. ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ದೀಪ ಹತ್ತುತ್ತದೆ. ಗೋಡೆಯಿಂದ ಗೋಡೆಗೆ ಎಳೆದ ತಂತಿಯಲ್ಲಿ ಬೆರಳುದ್ದದ ಮರದ ಮೀನುಗಳು ಬಾಲ ಮೇಲಾಗಿ ತೂಗುತ್ತಿವೆ. ಎರೆಹುಳುವಿನ ಬದಲು ಗಾಳಕ್ಕೆ ಕಟ್ಟುವ ಮೀನುಗಳಿವು. ಕೆರೆಯ ದೊಡ್ಡ ಮೀನು ಮರಿಯೆಂದು ನಂಬಿ ಬಾಯಿ ಹಾಕಿತೋ, ಸಿಕ್ಕಿಬಿತ್ತು. ಅರವತ್ತರ ಹತ್ತಿರದ ಹೆಂಗಸೊಬ್ಬರು ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಬಣ್ಣದ ಶೀಶೆಯೊಂದನ್ನು ದೀಪಕ್ಕೆ ಹಿಡಿದು ನೋಡುತ್ತಾರೆ, ಆಮೇಲೆ ಒಳಗಿರುವ ಸೊಸೆಯನ್ನು ಕರೆಯುತ್ತಾರೆ.

“ಇದು ಯಾವುದಮ್ಮ?”

“ಹಸಿರು, ಅತ್ತೆ. ಕೆಂಪು ನಿಮ್ಮ ಎಡಗಡೆ ಇದೆ.”

ಕೇರಿಗೆಲ್ಲ ಇವರು ಬಣ್ಣದಕ್ಕ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಒಂದು ಮೀನಿಗೆ ಆರು ಸಲ ಬಣ್ಣ ಬೀಳಬೇಕು, ಪ್ರತಿ ಸಲವೂ ಒಣಗಬೇಕು. ದಿನಕ್ಕೆ ಇಪ್ಪತ್ತು ಮುಗಿದರೆ ಹೆಚ್ಚು. ಹುರುಪೆಗಳ ಗುರುತಿಗೆ ಹಳೆಯ ಸೊಳ್ಳೆಪರದೆಯ ತುಂಡು ಸುತ್ತಿ ಬಣ್ಣ ಊದುತ್ತಾರೆ. ಕಣ್ಣಿನ ಚುಕ್ಕೆಗೆ ಮೊಳೆಯ ತಲೆ. ಇಷ್ಟೆಲ್ಲ ಬಲ್ಲ ಕೈಗೆ ಈಗ ಕೆಂಪು ಯಾವುದು, ಹಸಿರು ಯಾವುದು ಎಂದು ಇನ್ನೊಬ್ಬರು ಹೇಳಿಕೊಡಬೇಕು.

“ಕಣ್ಣಿನ ನರ ಸೊರಗಿದೆ ಅಂದ್ರು ಡಾಕ್ಟ್ರು,” ಎನ್ನುತ್ತಾರೆ, ಕೆಲಸ ನೋಡಲು ಬಂದ ನಮಗೆ. “ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಕತ್ತಲೆ ಬೆಳಕು ಕಾಣತ್ತೆ, ನಿಮ್ಮ ಮುಖ ಕಾಣತ್ತೆ. ಬಣ್ಣ ಮಾತ್ರ ಒಗೆದೂ ಒಗೆದೂ ಮಾಸಿದ ಸೀರೆ ಥರ.”

ಮರ ಕೆತ್ತುತ್ತಿದ್ದವರು ಗಂಡ. ಕೆತ್ತಿದ್ದನ್ನು ಕೆರೆಗೆ ಒಯ್ದು, ನೀರಲ್ಲಿ ಎಳೆದು, ಬಾಲ ಸರಿಯಾಗಿ ಅಲ್ಲಾಡುವವರೆಗೂ ಹೆರೆಯುತ್ತಿದ್ದರು. ಗಂಡ ಹೆಂಡಿರ ನಡುವೆ ಇದ್ದದ್ದು ಒಂದೇ ಜಗಳ, ಅದಕ್ಕೂ ಮೂವತ್ತು ವರ್ಷ ತುಂಬುತ್ತ ಬಂದಿತ್ತು. “ಮೀನು ಕಚ್ಚೋದು ಓಟಕ್ಕೆ ಕಣೆ, ನಿನ್ನ ಬಣ್ಣಕ್ಕಲ್ಲ” ಎಂದು ಅವರು. “ಹಾಗಾದ್ರೆ ಬರೀ ಕಟ್ಟಿಗೆ ತಗೊಂಡು ಹೋಗಿ ಅಂಗಡೀಲಿ ಕೊಡಿ, ಯಾರು ಮೂಸಿ ನೋಡ್ತಾರೋ ನೋಡೋಣ” ಎಂದು ಇವರು. ಊಟದ ತಟ್ಟೆಯ ಮುಂದೆ ಶುರುವಾದ ಮಾತು ಕೈ ಒಣಗಿದರೂ ಮುಗಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಉಳಿ ಕೈಯಲ್ಲಿದ್ದಂತೆಯೇ ಅವರ ಎದೆಬಡಿತ ನಿಂತಿತು. ಈಗ ಬಡಗಿಯಾಗಿರುವ ಮಗ ಬಿಡುವಾದಾಗ ಅಪ್ಪನ ಅಳತೆಗೆ ಕೆತ್ತಿಕೊಡುತ್ತಾನೆ.

ಕಣ್ಣಿನ ವಿಷಯವನ್ನು ಬಣ್ಣದಕ್ಕ ಮೊದಲು ಯಾರಿಗೂ ಹೇಳಲಿಲ್ಲ. ಶೀಶೆ ಇಟ್ಟ ಜಾಗದ ಗುರುತಿನ ಮೇಲೆಯೇ ಏಳೆಂಟು ತಿಂಗಳು ದೂಡಿದರು. ಒಂದು ದಿನ ಸೊಸೆ ಕಪಾಟು ಒರೆಸಿ, ಪಾಪ, ಶೀಶೆಗಳನ್ನು ಹಿಂದುಮುಂದಾಗಿ ಇಟ್ಟಳು. ಹಸಿರು ಬೆನ್ನು, ಕೆಂಪು ಹೊಟ್ಟೆ ಆಗಬೇಕಿದ್ದ ಮೂವತ್ತಾರು ಮೀನುಗಳು ಕೆಂಪು ಬೆನ್ನು, ಹಸಿರು ಹೊಟ್ಟೆ ಹೊತ್ತು ಅಂಗಡಿ ಸೇರಿದವು. ಅಂಗಡಿಯವರು ದೊಡ್ಡ ಮನಸ್ಸಿನವರು. ಏನೂ ಅನ್ನದೆ ಬಾಗಿಲ ಪಕ್ಕದ ಅಗ್ಗದ ಮಾಲಿನ ಬುಟ್ಟಿಗೆ ಸುರಿದರು.

ವಾರ ಕಳೆದು ಮನೆಗೆ ಬಂದದ್ದು ಕೆರೆಯ ದೋಣಿಯಾತ, ಗಂಡನ ಹಳೇ ಗೆಳೆಯ. “ಅಕ್ಕಾ, ಆ ತಿರುಗುಮುರುಗು ಬಣ್ಣದ್ದು ಇನ್ನೂ ಇದ್ಯಾ? ಚೆನ್ನಾಗಿ ಕಚ್ತಿದೆ.”

ತಪ್ಪು ಬಯಲಾದದ್ದು ಹಾಗೆ. ಸೊಸೆ ಅತ್ತಳು. ಬಣ್ಣದಕ್ಕ ಅಳಲಿಲ್ಲ, ಹಳೆಯ ಸರಿಬಣ್ಣದ ಮೀನೊಂದನ್ನು ಹುಡುಕಿ ಆತನ ಕೈಗಿಟ್ಟು, “ಎರಡನ್ನೂ ಸರಿಸಮ ಹೊತ್ತು ಎಳೆದು ನೋಡಪ್ಪ, ನಿಜ ಹೇಳು” ಎಂದರು. ಆತ ಹತ್ತು ಬೆಳಗು ಎಳೆದ. ಸರಿಬಣ್ಣಕ್ಕೆ ಹದಿನಾರು ಮೀನು, ತಪ್ಪು ಬಣ್ಣಕ್ಕೆ ಹದಿನೇಳು.

“ಎರಡಾಳು ಕೆಳಗಿಳಿದ್ರೆ ಕೆಂಪು ಅಲ್ಲಿ ಕಪ್ಪೇ ಅಕ್ಕ,” ಎನ್ನುತ್ತಾನೆ ದೋಣಿಯಾತ. “ತಿಳಿನೀರಿಗೆ ಮಾಸಲು ಬಣ್ಣ, ರಾಡಿ ನೀರಿಗೆ ಎದ್ದು ಕಾಣೋದು. ಅಷ್ಟಿದ್ರೆ ಸಾಕು. ಮಿಕ್ಕಿದ್ದೆಲ್ಲ ಅಂಗಡೀಲಿ ನಿಂತು ಆರಿಸೋರಿಗೆ.”

ಮೀನಿಗೆ ಸಾಕು, ಕೊಳ್ಳುವವರಿಗೆ ಸಾಲದು. ಅಂಗಡಿಯವರು ಈಗ ಕಪ್ಪು ಬೆನ್ನು, ಬೆಳ್ಳಿ ಹೊಟ್ಟೆಯವನ್ನು ಮಾತ್ರ ಇವರಿಗೆ ಬಿಟ್ಟಿದ್ದಾರೆ. ಕೆಂಪು, ಕಿತ್ತಳೆಯವು ಬೇರೆಲ್ಲಿಂದಲೋ ಬರುತ್ತವೆ. ಇಂದು ಕೈಯಲ್ಲಿರುವುದು ಕೊನೆಯ ಎಂಟು ಕೆಂಪುಹೊಟ್ಟೆಯವು.

“ಮೂವತ್ತೊಂದು ವರ್ಷ ಯಾರಿಗೆ ಹಚ್ಚಿದೆ ಈ ಬಣ್ಣನ?” ಕುಂಚ ತೊಳೆಯುತ್ತ ಕೇಳುತ್ತಾರೆ. “ಅವರು ಹೇಳಿದ್ದೇ ಸರಿ. ಸೋತೆ ಅನ್ನೋಕೆ ನನಗೇನೂ ನಾಚಿಕೆ ಇಲ್ಲ. ಕೇಳಿ ನಗೋಕೆ ಅವರಿಲ್ಲವಲ್ಲ.”

ಸೊಸೆ ಕಾಫಿ ತಂದು ಲೋಟವನ್ನು ಕೈಗೇ ಕೊಡುತ್ತಾಳೆ. ಆಸೆ ಏನಾದರೂ ಉಳಿದಿದೆಯೇ ಎಂದು ಕೇಳಿದರೆ ಬಣ್ಣದಕ್ಕ ಲೋಟ ಕೆಳಗಿಟ್ಟು, ತಂತಿಯ ಮೀನೊಂದರ ಬಾಲವನ್ನು ಬೆರಳಿನಿಂದ ಅಲ್ಲಾಡಿಸುತ್ತಾರೆ.

“ನಾನು ದೋಣಿ ಹತ್ತಿದವಳೇ ಅಲ್ಲ. ಅವರು ಕರೀತಿದ್ರು, ಬಣ್ಣ ಒಣಗ್ತಿದೆ, ಆಮೇಲೆ ಬರ್ತೀನಿ ಅಂತಿದ್ದೆ. ನಮ್ಮದೊಂದು ಮೀನು ನೀರಲ್ಲಿ ಓಡೋದನ್ನ ಒಂದು ಸಲ ನೋಡಬೇಕು. ಅದಕ್ಕೆ ಬಣ್ಣ ಕಾಣೋ ಕಣ್ಣೇ ಬೇಕು ಅಂತ ಏನಿಲ್ವಲ್ಲ.”