ಗೋಡೆಯ ಕಡೆ ಮುಖ ಮಾಡಿದ ಕುರ್ಚಿ

ಬೆಳಗಿನ ಆರು ಗಂಟೆ. ಅರ್ವಿ ಕಂಗಾಸ್ ಕೇಬಲ್‌ಗಳ ತುದಿ ಒರೆಸುತ್ತಿದ್ದಾರೆ. ಹಳೆಯ ಬನಿಯನ್ನಿನ ಚೂರಿಗೆ ಒಂದು ಹನಿ ಸ್ಪಿರಿಟ್ ಹಾಕುತ್ತಾರೆ, ಎರಡು ಸಲ ತಿರುವುತ್ತಾರೆ, ಬೆಳಕಿಗೆ ಹಿಡಿದು ನೋಡಿ ಮೊಳೆಗೆ ನೇತುಹಾಕುತ್ತಾರೆ. ಹೀಗೇ ಅರವತ್ತೊಂದು ಕೇಬಲ್. ಅಮೆರಿಕದ ಡುಲುತ್‌ನ ಸರೋವರದ ಬಂದರಿನಲ್ಲಿ ಅದಿರಿನ ಹಡಗು ಕೂಗುತ್ತದೆ, ಅವರು ತಲೆ ಎತ್ತುವುದಿಲ್ಲ. ಕುರ್ಚಿ ಗೋಡೆಯ ಕಡೆಗಿದೆ. ಕಾಣುವುದು ಬೆನ್ನು ಮಾತ್ರ.

ಈ ಹಳೇ ಕಂಪ್ಯೂಟರ್ ಅಂಗಡಿಯ ಮುಂದಿನ ಕೌಂಟರಿನಲ್ಲಿ ಕೂರುವವಳು ನಾನು. ಆ ಕುರ್ಚಿ ಗೋಡೆಯ ಕಡೆ ತಿರುಗಿದ್ದು ಕಳೆದ ಚಳಿಗಾಲ. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರುವಷ್ಟರಲ್ಲಿ ಸರೋವರದ ಮಂಜುಗಡ್ಡೆ ಕರಗಿತ್ತು. ಅವರು ಹೇಳಿದ್ದು ಪೂರ್ತಿ ಅರ್ಥವಾಗಿದೆ ಎಂದು ಈಗಲೂ ಹೇಳಲಾರೆ.

ನನಗೆ ತಿಳಿದಷ್ಟು ಇಷ್ಟು. ಕಂಪ್ಯೂಟರಿನಿಂದ ಪರದೆಗೆ ಚಿತ್ರ ಒಯ್ಯುವ ಕೇಬಲ್ ಮುಖ್ಯವಾಗಿ ಎರಡು ಬಗೆ. ಎರಡಕ್ಕೂ ಒಂದೊಂದು ನಿಯಮದ ಪುಸ್ತಕ ಇದೆ. ಮೊದಲನೆಯದರ ಪುಸ್ತಕ ಓದಿ ಡ್ರೈವರ್ ಬರೆದರೆ, ಅಂದರೆ ಯಂತ್ರಕ್ಕೂ ಪರದೆಗೂ ನಡುವೆ ಮಾತು ದಾಟಿಸುವ ಪ್ರೋಗ್ರಾಂ ಬರೆದರೆ, ಅದನ್ನು ಊರಿಗೆಲ್ಲ ತೆರೆದು ತೋರಿಸಬಹುದು. ಎರಡನೆಯದರ ಹೊಸ ಪುಸ್ತಕವನ್ನು ಸಹಿ ಹಾಕಿದವರು ಮಾತ್ರ ಓದಬೇಕು, ಓದಿ ಬರೆದದ್ದನ್ನು ಯಾರಿಗೂ ತೋರಿಸಬಾರದು. ದೊಡ್ಡ ಟೀವಿಗಳಲ್ಲಿ ಹೆಚ್ಚಾಗಿ ಇರುವುದು ಈ ಎರಡನೆಯದೇ.

"ಮನೆಮನೆಯಲ್ಲೂ ಇರೋ ಕೇಬಲ್ಲು, ಅದರಲ್ಲೇನು ಗುಟ್ಟು?" ಎಂದು ನಾನು ಕೇಳಿದೆ.

"ಅದೇ ನಂಗೂ ಗೊತ್ತಾಗಿಲ್ಲಮ್ಮ," ಅಂದರು ಅರ್ವಿ. "ಆ ಪುಸ್ತಕ ಪೂರ್ತಿ ಓದಿದೀನಿ. ಯಾಕೆ ಗುಟ್ಟು ಅಂತ ಅದರಲ್ಲೆಲ್ಲೂ ಬರೆದಿಲ್ಲ."

ಅವರ ಕಷ್ಟವೆಲ್ಲ ಆ ಓದಿನಲ್ಲೇ ಇದೆ. ಹತ್ತೊಂಬತ್ತು ವರ್ಷ ಅದಿರು ತುಂಬುವ ಬಂದರುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಸಂಜೆ ಹೊತ್ತು ಎಲ್ಲರಿಗೂ ತೆರೆದಿಟ್ಟ ಡ್ರೈವರ್‌ಗಳನ್ನು ಬರೆಯಲು ಕಲಿತರು. ಆರು ವರ್ಷದ ಹಿಂದೆ ಒಂದು ಪರದೆ ಕಂಪನಿಯಲ್ಲಿ ಎಂಟು ತಿಂಗಳ ಕೆಲಸ ಸಿಕ್ಕಿತು. ಅಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಆ ಪುಸ್ತಕವನ್ನು ಕೈಗೆ ಕೊಟ್ಟರು.

"ಓದಿದ್ರೆ ನಮ್ಮೋರಿಗೆಲ್ಲ ಸಹಾಯ ಮಾಡಬೋದು ಅಂದ್ಕೊಂಡು ಖುಷಿಯಿಂದ ಓದಿದೆ. ಪುಟ ಪುಟ ಗುರುತು ಹಾಕ್ಕೊಂಡು ಓದಿದೆ. ಆಮೇಲೆ ಗೊತ್ತಾಯ್ತು, ಓದಿದೋನು ಬರೆಯೋ ಹಾಗಿಲ್ಲ, ಬರೆಯೋನು ಓದೋ ಹಾಗಿಲ್ಲ. ಮರೆತುಬಿಡೋಣ ಅಂದ್ರೆ ಹೆಂಡ್ತಿ ಹುಟ್ಟಿದ ದಿನ ಮರೀತೀನಿ, ಆ ಪುಸ್ತಕ ಮರೆಯೋಲ್ಲ."

ಈಗ ಆ ಕೇಬಲ್‌ನ ಡ್ರೈವರ್ ಬರೆಯುತ್ತಿರುವವಳು ಕೊರಿನ್ ಡಿಫೋ. ಅರ್ವಿಯವರೇ ಕಲಿಸಿ ಬೆಳೆಸಿದ ಶಿಷ್ಯೆ. ಅವರ ಬೆನ್ನಿಗೆ ಬೆನ್ನು ಕೊಟ್ಟಂತೆ ಅವಳ ಮೇಜು. ಪುಸ್ತಕ ಓದದೆ, ಕೇಬಲ್‌ನಲ್ಲಿ ಹರಿಯುವುದನ್ನು ಅಳೆದು ಅಳೆದು, ಊಹೆ ಮಾಡಿ ಬರೆಯುತ್ತಾಳೆ. ಅರ್ವಿ ಅದನ್ನು ದಿನಾ ನಲವತ್ತಮೂರು ಪರದೆಗಳಿಗೆ ಹಾಕಿ ನೋಡುತ್ತಾರೆ. ಚಿತ್ರ ಬಂತೋ ಇಲ್ಲವೋ ಎಂದು ಅವಳಿಗೆ ಕೊಡುವ ಚೀಟಿಯಲ್ಲಿ ಎರಡೇ ಮಾತು ಬರೆಯಬಹುದು: ಬಂತು, ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವರಿಗೆ ಬಹಳ ಸಲ ನೋಡಿದ ಕೂಡಲೇ ಗೊತ್ತಾಗುತ್ತದೆ. ಬರೆಯುವಂತಿಲ್ಲ.

ಮೀನಿನ ವಿಷಯ, ಹಿಮದ ವಿಷಯ, ಕೊರಿನ್‌ಳ ತಮ್ಮನ ಹಾಳು ಟ್ರಕ್ಕಿನ ವಿಷಯ ಎಷ್ಟು ಬೇಕಾದರೂ ಮಾತಾಡುತ್ತಾರೆ. ಕೇಬಲ್‌ನ ಮಾತು ಬಂದರೆ ಇಬ್ಬರೂ ಗಪ್‌ಚುಪ್.

"ಇವರ ಮುಖ ನೋಡಿದ್ರೆ ಸಾಕು, ಎಲ್ಲ ಬರೆದಿರುತ್ತೆ," ಎನ್ನುತ್ತಾಳೆ ಕೊರಿನ್. "ಇಸ್ಪೀಟಲ್ಲಿ ನನ್ನ ಹತ್ರ ಒಂದಾಟ ಗೆದ್ದಿಲ್ಲ ಈ ಮನುಷ್ಯ."

"ನೀನು ಮೋಸ ಮಾಡ್ತೀಯ ಮಾರಾಯ್ತಿ."

"ಇಸ್ಪೀಟಲ್ಲಿ ಮಾತ್ರ."

ಅದು ನಿಜ. ಕಳೆದ ಚಳಿಗಾಲ ಒಂದು ಮಧ್ಯಾಹ್ನ ಅವಳು ಡ್ರೈವರಿನಲ್ಲಿ ಒಂದು ಸಂಖ್ಯೆ ಹಾಕುತ್ತಿದ್ದಳು. ಹಿಂದಿನಿಂದ ಅರ್ವಿ ಕೆಮ್ಮಿದರು. ಅವಳ ಕೈ ನಿಂತಿತು, ಆ ಸಂಖ್ಯೆ ಅಳಿಸಿ ಬೇರೆ ಹಾಕಿದಳು. ತೆರೆದ ಡ್ರೈವರ್ ಬರೆಯುವವರಲ್ಲಿ ಒಂದು ಪದ್ಧತಿ ಇದೆ. ಬರೆದದ್ದರ ಕೆಳಗೆ, ಇದು ನನಗೆ ಎಲ್ಲಿಂದ ತಿಳಿಯಿತು ಎಂದು ಹೇಳಿ ಹೆಸರು ಹಾಕಬೇಕು. ಕೊರಿನ್ ಬರೆದಳು: "ಅರ್ವಿ ಕೆಮ್ಮಿದರು, ಆಮೇಲೆ ಬದಲಾಯಿಸಿದೆ."

ಅದನ್ನು ನೋಡಿ ಡ್ರೈವರಿಗೆ ಸೇರಿಸಿಕೊಳ್ಳಬೇಕಾದ ದೂರದೂರಿನ ಹಿರಿಯರು ಮೊದಲು ನಕ್ಕರಂತೆ. ಆಮೇಲೆ ಅವಳ ಹನ್ನೊಂದು ದಿನದ ಕೆಲಸವನ್ನು ಪೂರ್ತಿ ತಳ್ಳಿಹಾಕಿದರು. ಸಂಶಯದ ಒಂದು ಸಾಲು ಒಳಗೆ ಹೋದರೂ ಮುಂದೆ ಯಾರಾದರೂ ದಾವೆ ಹೂಡಿ ಇಡೀ ಡ್ರೈವರನ್ನೇ ತೆಗೆಸಬಹುದು ಎಂಬ ಭಯ. ಆ ಸಂಖ್ಯೆ ಸರಿಯಿತ್ತೋ ತಪ್ಪಿತ್ತೋ ಕೊರಿನ್‌ಗೆ ಇವತ್ತಿಗೂ ಗೊತ್ತಿಲ್ಲ. ಅವಳು ಮತ್ತೆ ಮೊದಲಿಂದ, ಬೇರೆ ದಾರಿಯಲ್ಲಿ ಶುರುಮಾಡಿದಳು.

"ಆ ಕೆಮ್ಮು ಬೇಕಂತಲೇ ಕೆಮ್ಮಿದ್ರಾ?" ಎಂದು ನಾನು ಕೇಳಿದೆ.

ಅರ್ವಿ ಕೈಯಲ್ಲಿದ್ದ ಕೇಬಲ್ ಮೊಳೆಗೆ ಹಾಕಿದರು. "ನೆಗಡಿ ಇತ್ತು. ಅವಳು ಹಾಕ್ತಿದ್ದ ಸಂಖ್ಯೆನೂ ಕಾಣ್ತಿತ್ತು. ಯಾವುದು ಕೆಮ್ಮಿಸ್ತೋ, ಸತ್ಯವಾಗ್ಲೂ ನಂಗೇ ಗೊತ್ತಿಲ್ಲ."

ಕೆಮ್ಮಿದ ದಿನ ಸಂಜೆಯೇ ಅವರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದ್ದರು. ಅವಳು ಟೈಪ್ ಮಾಡುವಾಗ ಕೆಮ್ಮು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಾರೆ. ಹಿಮ ಬೀಳುತ್ತಿದ್ದರೂ ಹೋಗುತ್ತಾರೆ.

ಇಷ್ಟೆಲ್ಲ ಒಂದು ಟೀವಿಗಾಗಿಯೇ ಎಂದು ಕೇಳುವವರಿಗೆ ಹೆಲ್ಮಿಯ ವಿಷಯ ಹೇಳಬೇಕು. ಅರ್ವಿಯವರ ಮೊಮ್ಮಗಳು, ಹತ್ತೊಂಬತ್ತು ವರ್ಷ. ಐಸ್ ಹಾಕಿಯಲ್ಲಿ ಗೋಲ್ ಕಾಯುತ್ತಿದ್ದವಳು ಎರಡು ವರ್ಷದ ಹಿಂದೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಳು. ಈಗ ಆಡುವಂತಿಲ್ಲ. ಚಿಕ್ಕ ಗೋಲ್ ಕೀಪರ್‌ಗಳ ಆಟದ ವೀಡಿಯೊ ನೋಡಿ ತಿದ್ದುವ ಕೆಲಸವನ್ನು ಕೋಚ್ ಅವಳಿಗೆಂದು ಇಟ್ಟಿದ್ದಾರೆ. ನವೆಂಬರಿನವರೆಗೆ ಮಾತ್ರ ಕಾಯುತ್ತಾರೆ. ಅವಳು ದೊಡ್ಡ ಪರದೆಯನ್ನು ದೂರ ಕೂತು ನೋಡಬೇಕೆಂದು ಡಾಕ್ಟರ್ ಹೇಳಿದ್ದಾರೆ. ಕಣ್ಣಿಗೆ ಚುಚ್ಚದ ಹಾಗೆ ಬೆಳಕು ಕುಗ್ಗಿಸುವ ಪ್ರೋಗ್ರಾಂ ಕೊರಿನ್ ಬರೆದುಕೊಟ್ಟಿದ್ದಾಳೆ. ಅದು ಓಡುವುದು ಅಂಗಡಿಯಲ್ಲಿ ಜೋಡಿಸಿದ ಹೆಲ್ಮಿಯ ಕಂಪ್ಯೂಟರಿನಲ್ಲೇ. ತೆರೆದ ಡ್ರೈವರ್ ಇನ್ನೂ ಪೂರ್ತಿಯಾಗದ್ದರಿಂದ ಅಲ್ಲಿಂದ ಟೀವಿಗೆ ಚಿತ್ರ ಹೋಗುವುದು ಅರ್ಧ ವೇಗದಲ್ಲಿ. ಆಟದ ಬಿಲ್ಲೆ ಜಾರದೆ ಕುಪ್ಪಳಿಸುತ್ತದೆ, ಹತ್ತು ನಿಮಿಷಕ್ಕೆ ಹೆಲ್ಮಿಗೆ ವಾಂತಿ. ಮೊದಲನೇ ಬಗೆಯ ಕೇಬಲನ್ನು ಎರಡನೆಯದಕ್ಕೆ ಜೋಡಿಸುವ ಒಂದು ಕೊಂಡಿ ನಡುವೆ ಸಿಕ್ಕಿಸಿ ನೋಡಿದರು. ಪರದೆ ಆಗಾಗ ಕಪ್ಪಾಗಿ ಮಿಟುಕಿತು, ಅದು ಇನ್ನೂ ಕೆಟ್ಟದ್ದು.

ಪೂರ್ತಿ ವೇಗ ಹೇಗೆ ಬರುತ್ತದೆ ಎಂದು ಅವಳ ಅಜ್ಜನಿಗೆ ಗೊತ್ತು. ಒಂದು ಸಂಜೆ ಕೂತರೆ ಬರೆದುಬಿಡುತ್ತಾರೆ.

"ಗುಟ್ಟಾಗಿ ಹೆಲ್ಮಿಗೊಬ್ಬಳಿಗೆ ಬರೆದುಕೊಡಬಾರದಾ?" ಎಂದೆ.

"ಸಹಿ ಹಾಕಿದೀನಲ್ಲ. ಹಾಕಬಾರದಿತ್ತು, ಹಾಕಿದೆ." ಆಮೇಲೆ ಅಂದರು, "ನಾನು ಗುಟ್ಟಾಗಿ ಬರೆದದ್ದು ಹೊರಗೆ ಬಂದ್ರೆ, ಕೊರಿನ್ ಇಷ್ಟು ದಿನ ಪ್ರಾಮಾಣಿಕವಾಗಿ ಮಾಡಿದ್ದನ್ನ ಯಾರು ನಂಬ್ತಾರೆ? ಪಕ್ಕದಲ್ಲೇ ಕೂರ್ತಾಳಲ್ಲ."

ಹೇಳಲು ಅನುಮತಿ ಕೊಡಿ ಎಂದು ಆ ಪುಸ್ತಕದ ಒಡೆಯರಿಗೆ ಅವರು ನಾಲ್ಕು ಪತ್ರ ಬರೆದಿದ್ದಾರೆ. ಮೂರಕ್ಕೆ ಪತ್ರ ತಲುಪಿದೆ ಎಂಬ ಉತ್ತರ ಬಂದಿದೆ. ಅನುಮತಿ ಇದೆಯೋ ಇಲ್ಲವೋ ಎಂಬುದು ಮಾತ್ರ ಬಂದಿಲ್ಲ. ತೆರೆದ ಡ್ರೈವರಿನ ಲಕ್ಷಾಂತರ ಸಾಲುಗಳ ನಡುವೆ ಅರ್ವಿಯವರ ಹೆಸರು ಹುಡುಕಿದರೆ "ಪರೀಕ್ಷಿಸಿದವರು" ಎಂಬ ಪದದ ಮುಂದೆ ಸಿಗುತ್ತದೆ. ಅದನ್ನು ಅವರು ಒಮ್ಮೆ ನನಗೆ ತೋರಿಸಿ, ಕೂಡಲೇ ಮುಚ್ಚಿದರು.

ಶನಿವಾರ ಬೆಳಗ್ಗೆ ಹೆಲ್ಮಿ ಬರುತ್ತಾಳೆ. ಕಪ್ಪು ಕನ್ನಡಕ, ಕೈಯಲ್ಲಿ ಅಜ್ಜಿ ಮಾಡಿದ ಏಲಕ್ಕಿ ಬ್ರೆಡ್ಡು. ನನಗೊಂದು ಚೂರು ಮುರಿದು ಕೊಟ್ಟು, ಅಜ್ಜನ ಹಿಂದೆ ಸ್ಟೂಲ್ ಎಳೆದು ಕೂರುತ್ತಾಳೆ. ಮೂಲೆಯ ದೊಡ್ಡ ಟೀವಿ ಕಪ್ಪಗಿದೆ. ಕೊರಿನ್ ಬೆಳಗಿನಿಂದ ಒಂದು ಹೊಸ ಊಹೆ ಬರೆಯುತ್ತಿದ್ದಾಳೆ, ಪೂರ್ತಿಯಾಗಿಲ್ಲ.

"ಇದಾದ್ರೂ ಸರೀನಾ ಕೊರಿನ್?"

"ನಂಗೇನು ಗೊತ್ತು ಪುಟ್ಟಿ. ಗೊತ್ತಿರೋರು ಗೋಡೆ ನೋಡ್ತಿದಾರೆ."

ಹೆಲ್ಮಿ ನಗುತ್ತಾಳೆ. ಅರ್ವಿಯವರ ಭುಜವೂ ಅಲುಗುತ್ತದೆ, ನಗುವೋ ತಡೆದ ಕೆಮ್ಮೋ ಇಲ್ಲಿಂದ ತಿಳಿಯುವುದಿಲ್ಲ. ಕೊರಿನ್ ಮತ್ತೆ ಟೈಪ್ ಮಾಡತೊಡಗುತ್ತಾಳೆ. ಅರ್ವಿ ಇನ್ನೊಂದು ಕೇಬಲ್ ಕೈಗೆ ತೆಗೆದುಕೊಂಡು ಒರೆಸುತ್ತಾರೆ. ಅದನ್ನು ಬೆಳಗ್ಗೆಯೇ ಒರೆಸಿಯಾಗಿತ್ತು.

ಹೆಲ್ಮಿ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ.

"ಅಜ್ಜ," ಅನ್ನುತ್ತಾಳೆ, "ನೀನೇನೂ ಹೇಳಬೇಡ. ಕೊರಿನ್‌ಗೆ ನಿನ್ನ ಮುಖ ಕಾಣೋ ಹಾಗೆ ಸ್ವಲ್ಪ ಈ ಕಡೆ ತಿರುಗಿ ಕೂತ್ಕೋ."

ಕೊರಿನ್‌ಳ ಕೈ ಕೀಲಿಮಣೆಯ ಮೇಲೆ ನಿಲ್ಲುತ್ತದೆ. ಅರ್ವಿ ಗೋಡೆಯ ಕಡೆಗೇ ಕೂತು ಕೇಬಲ್‌ನ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಾರೆ.