ಬಾಯ್ಲರಿನೊಳಗಿನ ಬಿಳಿ ಪದರ

ತೆಲಂಗಾಣ ಪ್ರತ್ಯೇಕ ರಾಜ್ಯವಾಗಿ ಕೆಲವು ವರ್ಷಗಳಾಗಿದ್ದವು. ನಾನಾಗ ಹೈದರಾಬಾದಿನಲ್ಲಿ ಬಾಯ್ಲರ್ ಇನ್‌ಸ್ಪೆಕ್ಟರ್. ಕಾರ್ಖಾನೆಗಳ ಬಾಯ್ಲರ್‌ಗಳನ್ನು ಪರೀಕ್ಷಿಸುವುದು, ಅಪಘಾತವಾದರೆ ಕಾರಣ ಹುಡುಕುವುದು ನನ್ನ ಕೆಲಸವಾಗಿತ್ತು.

ಆ ಬೇಸಿಗೆಯಲ್ಲಿ ನಾಚಾರಂನ ಬಟ್ಟೆಗೆ ಬಣ್ಣ ಹಾಕುವ ಸಣ್ಣ ಘಟಕವೊಂದರಲ್ಲಿ ಬಾಯ್ಲರ್ ಸಿಡಿಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಮಲ್ಲಿಕಾರ್ಜುನ ಬಿಸಿ ಹಬೆಯಲ್ಲಿ ಬೆಂದು ಸತ್ತಿದ್ದ. ನಾನು ತಲುಪುವ ಹೊತ್ತಿಗೆ ಶವವನ್ನು ಸಾಗಿಸಿದ್ದರು. ಇನ್ನೂ ಹಸಿಯಾಗಿದ್ದ ನೆಲದ ಮೇಲೆ ಅವನ ಒಂದು ಚಪ್ಪಲಿ ಉಳಿದಿತ್ತು.

“ಸೋ ಗಯಾ ಥಾ ಸಾಬ್,” ಎಂದ ಮ್ಯಾನೇಜರ್. ಮಲ್ಲಿಕಾರ್ಜುನ ನಿದ್ದೆಹೋಗಿದ್ದ, ಬಾಯ್ಲರಿನಲ್ಲಿ ನೀರು ಇಳಿದದ್ದನ್ನು ನೋಡಲಿಲ್ಲ ಎಂಬುದು ಅವನ ವಾದ. ಅಲ್ಲಿದ್ದವರೆಲ್ಲ ಅದನ್ನೇ ಹೇಳಿದರು.

ಇಂಥ ಬಾಯ್ಲರಿನ ನಡುವೆ ಬೆಂಕಿ ಉರಿಯುವ ದೊಡ್ಡ ಕೊಳವೆಯಿರುತ್ತದೆ, ಸುತ್ತಲೂ ನೀರು. ಕೊಳವೆಯ ನೆತ್ತಿಯಲ್ಲಿ ಒಂದು ಪ್ಲಗ್ ಕೂರಿಸಿರುತ್ತಾರೆ. ನೀರು ಅದಕ್ಕಿಂತ ಕೆಳಗಿಳಿದರೆ ಅದರೊಳಗಿನ ಲೋಹ ಕರಗಿಹೋಗುತ್ತದೆ. ಮರುದಿನ ಬಾಯ್ಲರ್ ತಣಿದ ಮೇಲೆ ಟಾರ್ಚ್ ಹಿಡಿದು ಒಳಗೆ ತೂರಿದೆ. ಪ್ಲಗ್ ಕರಗಿರಲಿಲ್ಲ. ನೀರು ಕಡಿಮೆಯಾಗಿರಲಿಲ್ಲ.

ಆದರೆ ಕೊಳವೆಯ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕೂತಿತ್ತು. ಉಳಿಯಿಂದ ಒಂದು ಚೂರು ಎಬ್ಬಿಸಿ ಅಳೆದೆ. ಐದು ಮಿಲಿಮೀಟರ್ ದಪ್ಪ. ಆ ಪದರದ ಅಡಿಯಲ್ಲೇ ಕಬ್ಬಿಣ ಉಬ್ಬಿ ಹರಿದಿತ್ತು.

ಕಡಲಿನ ನೀರು ಬಿಸಿಲಿಗೆ ಆವಿಯಾಗಿ ಮೇಲೇರಿ ಮೋಡವಾಗುತ್ತದೆ; ಅದರಲ್ಲಿ ಕರಗಿದ್ದ ಉಪ್ಪು ಮಾತ್ರ ಕೆಳಗೇ ಉಳಿಯುತ್ತದೆ. ಬಾಯ್ಲರಿನಲ್ಲಿ ನಡೆಯುವುದೂ ಇದೇ. ಹಬೆ ಶುದ್ಧವಾಗಿ ಹೊರಟುಹೋಗುತ್ತದೆ, ಬೋರ್‌ವೆಲ್ ನೀರಿನ ಲವಣಗಳು ಕಬ್ಬಿಣಕ್ಕೆ ಅಂಟಿಕೊಂಡು ಗಟ್ಟಿಯಾಗುತ್ತವೆ. ಆ ಪದರ ಬೆಳೆದಂತೆ ಬೆಂಕಿಯ ಕಾವು ನೀರಿಗೆ ದಾಟದೆ ಕಬ್ಬಿಣದಲ್ಲೇ ನಿಲ್ಲುತ್ತದೆ. ಕಬ್ಬಿಣ ಕೆಂಪಾಗಿ ಮೆತ್ತಗಾಗುತ್ತದೆ. ಇದನ್ನು ತಡೆಯಲೆಂದೇ ನೀರನ್ನು ಮೊದಲು ಸಾಫ್ಟನರ್ ಎಂಬ ತೊಟ್ಟಿಯಲ್ಲಿ ಹಾಯಿಸುತ್ತಾರೆ. ಇಲ್ಲಿ ಅದು ಹಿಂದಿನ ತಪಾಸಣೆಯ ಬಳಿಕ ಕೆಟ್ಟು ಹೋಗಿತ್ತು. ಮಲ್ಲಿಕಾರ್ಜುನ ಹಲವು ಸಲ ಹೇಳಿದ್ದನೆಂದೂ, ರಿಪೇರಿಯನ್ನು ತಾವೇ ಮುಂದೆ ಹಾಕುತ್ತ ಬಂದಿದ್ದೆವೆಂದೂ ಮ್ಯಾನೇಜರ್ ಕೊನೆಗೆ ಒಪ್ಪಿಕೊಂಡ.

ಇನ್ನೊಂದು ವಿಷಯವೂ ಕಂಡಿತು. ಬಾಯ್ಲರಿನ ಬೆಂಕಿಗೆ ಎಣ್ಣೆ ಬರುವ ವಾಲ್ವ್ ಪೂರ್ತಿ ಮುಚ್ಚಿತ್ತು. ಅದು ತಾನಾಗಿ ಮುಚ್ಚಿಕೊಳ್ಳುವಂಥದ್ದಲ್ಲ. ಮಲ್ಲಿಕಾರ್ಜುನನನ್ನು ಹೊರಗೆ ತಂದವರು ಅದನ್ನು ಮುಟ್ಟಿರಲೂ ಇಲ್ಲ. ಕೊಳವೆ ಬಿರಿಯುವ ಸದ್ದು ಕೇಳಿ ಅವನೇ ಬೆಂಕಿ ನಿಲ್ಲಿಸಲು ಹೋಗಿದ್ದ.

ವರದಿ ಸಲ್ಲಿಸಿದ ಮೇಲೆ ಮಲ್ಕಾಜ್‌ಗಿರಿಯಲ್ಲಿದ್ದ ಅವನ ಮನೆಗೆ ಹೋದೆ. ಇಲಾಖೆಯ ಕೆಲಸ ಅದಾಗಿರಲಿಲ್ಲ. ಅವನ ತಂದೆ ರಾಯಚೂರಿನ ಕಡೆಯಿಂದ ರೈಲ್ವೆ ನೌಕರಿಗೆ ಬಂದು ಇಲ್ಲೇ ನೆಲೆಸಿದವರು. ನಾನೂ ಕಲಬುರಗಿಯವನು. ಅವನ ಮೇಲಿದ್ದ ಅಪವಾದ ಹೋಯಿತೆಂದು ಆ ಮನೆಯವರಿಗೆ ಕನ್ನಡದಲ್ಲೇ ಹೇಳಬೇಕೆನಿಸಿತ್ತು.

ಅವನ ಹೆಂಡತಿ ನೀಲಮ್ಮ ಚಾಪೆ ಹಾಸಿದರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: “ತಪ್ಪು ನಂದರಿ ಸಾಹೇಬ್ರ. ನಮ್ಮ ಅತ್ತಿಯವರಿಗೆ ಆರಾಮ ಇರಲಿಲ್ಲ. ಹಿಂದಿನ ರಾತ್ರಿ ಪೂರಾ ಇವರನ್ನ ದವಾಖಾನ್ಯಾಗ ಕುಂಡ್ರಿಸಿದ್ದೆ. ಆ ನಿದ್ದೀನ ಇವರನ್ನ ತಿಂತು.”

“ಇಲ್ಲಮ್ಮ, ಅವರು ನಿದ್ದಿ ಮಾಡಿರಲಿಲ್ಲ,” ಎಂದೆ. ನೀರಿನ ಲವಣ ಹೇಗೆ ಕೂತಿತ್ತೆಂದು ವಿವರಿಸಿದೆ.

“ನೀರು ಕಾಸೋ ಹಂಡೇದಾಗ ಬೆಳ್ಳಗ ಕೂಡತೈತಲ್ಲರಿ, ಅದೇನ್ರಿ?”

“ಅದೇ. ನೀಲಮ್ಮ, ನಿಮ್ಮ ಯಜಮಾನ್ರು ಎಚ್ಚರ ಇದ್ರು. ಕಡೀಕೂ ವಾಲ್ವ್ ಬಂದ್ ಮಾಡಾಕ ಹೋಗ್ಯಾರ. ಬಾಜೂ ಶೆಡ್ಡಿನ್ಯಾಗ ಇದ್ದವರು ಉಳದದ್ದು ಅದರಿಂದನ ಇರಬೇಕು.”

ಅವರ ಮುಖ ಹಗುರಾದೀತೆಂದು ಕಾದೆ. ಅವರು ಚಾಪೆಯ ಅಂಚನ್ನು ಸವರುತ್ತ ಕೇಳಿದರು:

“ಬಾಗಲಾ ಹತ್ರ ಇತ್ತೇನ್ರಿ?”

“ಹತ್ರಾನ ಇತ್ತು.”

“ಓಡಿ ಬರಬಹುದಿತ್ತು ಹಂಗಾದ್ರ.” ಸೆರಗಿನಿಂದ ಬಾಯಿ ಒತ್ತಿಕೊಂಡರು. “ಮಕ್ಕೊಂಡಿದ್ರು ಅಂತ ಎಲ್ಲಾರೂ ಅಂದಾಗ, ಏನೂ ಗೊತ್ತಾಗದಂಗ ಹೋದ್ರು ಅಂತ ಒಂದು ಸಮಾಧಾನ ಇತ್ತರಿ. ಈಗ… ಭಾಳ ಉರದಿರಬೇಕಲ್ಲರಿ ಅವರಿಗೆ?”

ಹಬೆಯ ಒತ್ತಡ, ಉಷ್ಣತೆ ಎಲ್ಲವೂ ನನ್ನ ವರದಿಯಲ್ಲಿತ್ತು. ನಾನು ಏಳದೆ ಅವರೆದುರೇ ಕೂತೆ. ಒಳಗಿನಿಂದ ಅವರ ಅತ್ತೆ ಕೆಮ್ಮುತ್ತ ಮಗನ ಹೆಸರು ಹಿಡಿದು ಕರೆದರು. ನೀಲಮ್ಮ ಎದ್ದು ಹೋಗಿ ನೀರು ಕುಡಿಸಿ ಬಂದರು. ನಾನು ಹೊರಡುವಾಗ ಬಾಗಿಲವರೆಗೆ ಬಂದು, “ಹೇಳಿದ್ದು ಛಲೋ ಆತ್ರಿ. ಮಗಳಿಗೆ ಅವರಪ್ಪ ಮಕ್ಕೊಂಡಿರಲಿಲ್ಲ ಅಂತ ಹೇಳತೀನಿ,” ಎಂದರು.

ನಂತರವೂ ನಾನು ಹಲವು ಅಪಘಾತಗಳ ಕಾರಣ ಹುಡುಕಿದೆ. ಸತ್ತವನ ಹೆಸರಿಗೆ ಅಂಟಿದ್ದನ್ನು ಸತ್ಯ ತೊಳೆಯಬಲ್ಲದು. ಉಳಿದವರ ನೋವನ್ನು ಅದು ಕಡಿಮೆ ಮಾಡಲೇಬೇಕೆಂದಿಲ್ಲ, ಕೆಲವೊಮ್ಮೆ ಹೆಚ್ಚಿಸುತ್ತದೆ. ಆದರೂ ಹೇಳಲೇಬೇಕು. ಹೇಳಿದ ಮೇಲೆ ತಕ್ಷಣ ಎದ್ದು ಬರಬಾರದು, ಅವರು ಸಾಕೆನ್ನುವವರೆಗೆ ಜೊತೆಗೆ ಕೂತಿರಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟು.