ಪಾಂಪ್ಲೆಟ್ ಇರುವ ಪಾಲು ಯಾರಿಗೆ?

ಒಂದು ಪಾಂಪ್ಲೆಟ್ ಮೀನಿಗಾಗಿ ಮೊನ್ನೆ ನಾನು ತೆತ್ತದ್ದು ಎರಡು ಅಂಗೈಗಳ ಚರ್ಮ, ಒಂದು ಇಸ್ತ್ರಿ ಪ್ಯಾಂಟು ಮತ್ತು ಅಷ್ಟಿಷ್ಟು ಮರ್ಯಾದೆ. ಮೀನು ಮಾತ್ರ ಸಿಗಲಿಲ್ಲ.

ತಪ್ಪು ನನ್ನ ಬಾಯಿಯದ್ದು. ಶೆಟಗೇರಿಯಿಂದ ಅತ್ತೆ ಊಟಕ್ಕೆ ಬರುವವರಿದ್ದರು. ಫೋನಿನಲ್ಲಿ ಅವರು ಕೇಳಿದ್ದು ಒಂದೇ: ‘ಪಾಂಪ್ಲೆಟ್ ಇರ್ತದಲ್ಲ?’ ಕಾರವಾರ ಮಾರ್ಕೆಟ್ಟಿನಲ್ಲಿ ಇತ್ತು, ಒಂದೇ ಒಂದು. ನಾನು ಚೌಕಾಸಿಗೆ ನಿಂತೆ. (ಹಳೇ ಕುರ್ಚಿ-ಮೇಜು ಕೊಂಡು ಮಾರಿ ಮೇಲೆ ಬಂದವನು, ಹೇಳಿದ ರೇಟು ಕೊಟ್ಟರೆ ನನಗೆ ಜ್ವರ ಬರುತ್ತದೆ.) ನಾನಿನ್ನೂ ಮೀನಿನ ಕಣ್ಣಿನಲ್ಲಿ ದೋಷ ಹುಡುಕುತ್ತಿದ್ದೆ, ಪಕ್ಕದವರು ಅದನ್ನು ಕೊಂಡು ಹೋಗೇಬಿಟ್ಟರು.

ಸೀದಾ ಕೋಡಿಬಾಗದ ಕಡೆ ದಂಡೆಗೆ ಓಡಿದೆ. ಅಲ್ಲಿ ಏಂಡಿ ಬಲೆ ಎಳೆಯುತ್ತಿದ್ದರು. ಕಡಲಿಗೆ ಬಿಟ್ಟ ಬಲೆಯನ್ನು ಹತ್ತಾರು ಜನ ಹಗ್ಗ ಹಿಡಿದು ದಡಕ್ಕೆ ಎಳೆಯುವ ಕೆಲಸ. ಹಗ್ಗ ಹಿಡಿದವರಿಗೆಲ್ಲ ಪಾಲುಂಟು. ನಾನೂ ಹಿಡಿದೆ.

ಬಲೆಯ ಒಡತಿ ತುಳಸಕ್ಕ ಕೂಗಿದಳು: ‘ಒಡೆಯಾ, ಹಗ್ಗ ಎಳೀರಿ! ಜೋತು ಬೀಳೂದಲ್ಲ!’

ಬಲೆ ಬಂತು. ರಾಶಿ ತಾರ್ಲೆ, ಅಗ್ಗದ ಸಣ್ಣ ಮೀನು. ನಡುವೆ ಮಿಂಚಿತು ಒಂದು ಪಾಂಪ್ಲೆಟ್!

‘ಪಾಲು ನಾನು ಮಾಡ್ತೇನೆ, ವ್ಯವಹಾರದಲ್ಲಿ ನಾನು ಪಕ್ಕಾ’ ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡು ನಕ್ಕರು. ನನ್ನ ಮೇಲಿನ ವಿಶ್ವಾಸ ಎಂದುಕೊಂಡೆ.

ಅವರು ಬಲೆ ಮಡಚುವಷ್ಟರಲ್ಲಿ ತಲೆಗೊಂದರಂತೆ ಗುಪ್ಪೆಗಳನ್ನು ಮಾಡಿದೆ. ಒಂದು ಗುಪ್ಪೆ ಮಾತ್ರ ಬೇಕೆಂದೇ ಬಡಕಲು: ಮೇಲೆ ಜಜ್ಜಿದ ತಾರ್ಲೆ, ಅದರ ಮೇಲೆ ಕಡಲ ಕಸ, ತಳದಲ್ಲಿ ಪಾಂಪ್ಲೆಟ್. ‘ಪಾಪ, ಇದು ನನಗಿರಲಿ’ ಎಂದು ಕೈ ಚಾಚಿದೆ.

‘ಹಾಂ ಹಾಂ! ಪಾಲ್ ಮಾಡ್ದವ ಕಡೀಗೆ ಎತ್ತೂದು. ಎಳ್ದವ್ರು ಮೊದ್ಲು, ಆಮೇಲೆ ಬಲೆಯವಳು ನಾನು, ಆಮೇಲೆ ನೀವು.’

ಇದನ್ನು ಮೊದಲೇ ಹೇಳಬಾರದಿತ್ತೇ?

ಒಬ್ಬೊಬ್ಬರೇ ಎತ್ತತೊಡಗಿದರು. ಬಡಕಲು ಗುಪ್ಪೆಯನ್ನು ಯಾರೂ ಮುಟ್ಟಲಿಲ್ಲ. ನಾನು ಆಕಾಶ ನೋಡಿದೆ, ದೋಣಿ ನೋಡಿದೆ, ಕಾಗೆ ನೋಡಿದೆ. ಕೊನೆಗೆ ಉಳಿದದ್ದು ಎರಡೇ ಗುಪ್ಪೆ. ತುಳಸಕ್ಕ ಸೊಂಟಕ್ಕೆ ಕೈ ಕೊಟ್ಟು ಮೀನು ಬಿಟ್ಟು ನನ್ನ ಮುಖವನ್ನೇ ನೋಡಿದಳು.

‘ಪಾಂಪ್ಲೆಟ್ ಒಂದು ಕಂಡಂಗಿತ್ತಲ್ರಾ?’

‘ಹೌದಾ? ಇಲ್ಲೇ ಎಲ್ಲೋ ಇದ್ದೀತು.’

‘ಆವಾಗಿಂದ ಎಲ್ಲಾ ಬದಿ ನೋಡ್ತ್ರಿ, ಇದೊಂದರ ಬದಿ ಬಿಟ್ಟು. ನನಗೆ ಇದೇ ಆಗ್ಲಿ’ ಎಂದವಳೇ ಕಸ ಸರಿಸಿದಳು. ದಂಡೆಯೆಲ್ಲ ನಗು.

ಮನೆಯಲ್ಲಿ ಅತ್ತೆ ಕಥೆ ಕೇಳಿ ನಗಲಿಲ್ಲ. ನನ್ನ ಹೆಂಡತಿಯ ಕೈಲಿ ತಾರ್ಲೆ ಹುರಿಸಿದರು, ಬಾಣಲೆಯನ್ನು ನನ್ನ ಮುಂದೆ ಇಟ್ಟರು. ‘ಬಡಿಸಿ ನೋಡ್ವಾ. ನಾ ಮೊದ್ಲು ಎತ್ತೂದು, ಮಗಳು ಆಮೇಲೆ, ನೀವು ಕಡೀಗೆ.’

ಸ್ವಾಮಿ, ನನ್ನ ಜೀವಮಾನದಲ್ಲಿ ಅಷ್ಟು ಸಮನಾಗಿ ಏನನ್ನೂ ಹಂಚಿದ್ದಿಲ್ಲ! ಮುರಿದ ಬಾಲವನ್ನೂ ಮೂರು ಚೂರು ಮಾಡಿದೆ. ನ್ಯಾಯವಂತನಾಗಲು ನನಗೆ ಒಳ್ಳೆಯ ಬುದ್ಧಿ ಬೇಕಾಗಲಿಲ್ಲ, ಸರದಿಯಲ್ಲಿ ಕೊನೇ ಜಾಗ ಸಾಕಾಯಿತು.

ಆದ್ದರಿಂದ ನನ್ನ ಸಲಹೆ: ಕೇಕಾಗಲಿ, ಬಾಡಿಗೆ ಮನೆಯ ರೂಮಾಗಲಿ, ಅಪ್ಪನ ಆಸ್ತಿಯಾಗಲಿ, ‘ನಾನೇ ಹಂಚುತ್ತೇನೆ’ ಎಂದು ಯಾರಾದರೂ ಮುಂದೆ ಬಂದರೆ ಧಾರಾಳವಾಗಿ ಬಿಡಿ. ಎತ್ತುವಾಗ ಮಾತ್ರ ಅವರನ್ನು ಸರದಿಯ ಬಾಲದಲ್ಲಿ ನಿಲ್ಲಿಸಿ.